ಗುಂಯ್ ಎನ್ನುವ ಕಾರಿಗೆ ನಾಲ್ಕು ಕಿವಿ

ಗಂಟೆಗೆ ಐವತ್ತು ಕಿಲೋಮೀಟರ್ ದಾಟುತ್ತಲೇ ಗುಂಯ್ ಎಂದು ಶುರುವಾಗಿ, ಎಪ್ಪತ್ತರಲ್ಲಿ ಪಕ್ಕದವರ ಮಾತೇ ಕೇಳಿಸದಷ್ಟು ಏರುವ ಸದ್ದು ಏನೆಂದು ಕೇಳಿದರೆ, ಸ್ಪ್ಯಾನರ್ ಹಿಡಿದ ಯಾರೇ ಆದರೂ ಬೇರಿಂಗ್ ಎನ್ನುತ್ತಾರೆ. ಅದರಲ್ಲಿ ತಕರಾರಿಲ್ಲ. ಜಗಳ ಇದ್ದದ್ದು ಯಾವ ಚಕ್ರದ್ದು ಎಂಬಲ್ಲಿ. ನನ್ನದು 2013ರ ಡೀಸೆಲ್ ಕಾರು, ಒಂದೂಕಾಲು ಲಕ್ಷ ಕಿಲೋಮೀಟರ್ ಆಸುಪಾಸು ಓಡಿದೆ. ಊರಿನ ಗ್ಯಾರೇಜುಗಳೆಲ್ಲ ಸೇರಿ ನನ್ನಿಂದ ಮೂವತ್ತು ಸಾವಿರದಷ್ಟು ಕಕ್ಕಿಸಿದರೂ ಬಗೆಹರಿಯದ ಸದ್ದನ್ನು ಆರುನೂರು ರೂಪಾಯಿಯ ಸಾಮಾನಿನಲ್ಲಿ ಹಿಡಿದೆ.

ನ್ಯೂಟ್ರಲ್‌ಗೆ ಹಾಕಿ ಬಿಟ್ಟರೂ ಸದ್ದು ಹಾಗೇ ಇತ್ತು, ಆದ್ದರಿಂದ ಎಂಜಿನ್ ಮೇಲಿನ ಅನುಮಾನ ಮೊದಲ ದಿನವೇ ಹೋಯಿತು. ಹೊಸ ಡಾಂಬರಿನ ಮೇಲೂ ಕಡಿಮೆಯಾಗಲಿಲ್ಲ. ಅಲ್ಲಿಗೆ ಟೈರಿನದ್ದಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆದರೂ ಒಂದು ಕಡೆ ಮುಂದಿನ ಎರಡು ಟೈರು ಮಾರಿಯೇ ಬಿಟ್ಟರು, ಒಂಬತ್ತು ಸಾವಿರ ಚಿಲ್ಲರೆ. ಇನ್ನು ಎಡಕ್ಕೆ ತಿರುಗಿಸಿದಾಗ ಸದ್ದು ಏರುತ್ತಿತ್ತು. ಎಡಕ್ಕೆ ತಿರುಗಿದರೆ ಭಾರ ಬಲಕ್ಕೆ, ಹಾಗಾಗಿ ಬಲ ಮುಂದಿನ ಬೇರಿಂಗ್ ಎಂದು ತೀರ್ಮಾನ. ಬದಲಾಯಿಸಿದರು, ಕೂಲಿ ಸೇರಿ ಮೂರೂವರೆ ಸಾವಿರ. ಸದ್ದು ಹಾಗೇ. ಮತ್ತೊಬ್ಬರು ಎಡದ್ದನ್ನೂ ಬದಲಾಯಿಸಿದರು. ಉಳಿದ ದುಡ್ಡು ಚಕ್ರಕ್ಕೆ ಶಕ್ತಿ ತಲುಪಿಸುವ ಡ್ರೈವ್ ಶಾಫ್ಟಿಗೆ ಹೋಯಿತು.

ಆ ಪರೀಕ್ಷೆ ಹೇಳುವುದು ಬಲಗಡೆ ಎಂದಷ್ಟೇ. ಮುಂದಿನದೋ ಹಿಂದಿನದೋ ಎಂದು ಅದು ಹೇಳುವುದೇ ಇಲ್ಲ. ಸದ್ದು ಚಾಲಕನ ಕಾಲಬುಡದಲ್ಲೇ ಕೇಳಿಸುತ್ತಿದ್ದುದರಿಂದ ಎಲ್ಲರೂ ಮುಂದಿನದಕ್ಕೇ ಅಂಟಿಕೊಂಡಿದ್ದರು. ಜ್ಯಾಕ್ ಮೇಲೆತ್ತಿ ಕೈಯಲ್ಲಿ ತಿರುಗಿಸಿದರೆ ನಾಲ್ಕೂ ಚಕ್ರ ನುಣ್ಣಗೆ ತಿರುಗುತ್ತಿದ್ದವು. ಭಾರ ಬೀಳದ ಬೇರಿಂಗ್ ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ಹಾಗಾದರೆ ಕಾರು ಓಡುವಾಗಲೇ ಒಂದೊಂದು ಚಕ್ರದ ಬುಡಕ್ಕೂ ಕಿವಿ ಇಡಬೇಕು.

ಇದಕ್ಕೆಂದೇ ಕ್ಲಿಪ್ಪು ಹಾಕುವ ಮೈಕುಗಳ ಉಪಕರಣ ವಿದೇಶದ್ದು ಸಿಗುತ್ತದೆ. ಬೆಲೆ ನೋಡಿ ಕೈಬಿಟ್ಟೆ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ 27 ಮಿಲಿಮೀಟರಿನ ಪೀಜೊ ಡಿಸ್ಕ್, ಅದೇ ಬಜರ್‌ನೊಳಗಿನ ಹಿತ್ತಾಳೆ ಬಿಲ್ಲೆ, ಹತ್ತು ಹದಿನೈದು ರೂಪಾಯಿಗೊಂದರಂತೆ ತಂದೆ. ಜೊತೆಗೆ ಶೀಲ್ಡ್ ಇರುವ ತಂತಿ, ನಾಲ್ಕರಲ್ಲಿ ಒಂದನ್ನು ಆರಿಸುವ ರೋಟರಿ ಸ್ವಿಚ್ಚು, ಬಿಲ್ಲೆಯನ್ನು ಲೋಹಕ್ಕೆ ಕಚ್ಚಿಸಲು ಹಳೆಯ ಸ್ಪೀಕರಿನ ಅಯಸ್ಕಾಂತ. ಗಾಳಿಯ ಸದ್ದನ್ನು ಹೆಚ್ಚು ಕೇಳಿಸಿಕೊಳ್ಳದೆ ಲೋಹದ ನಡುಕವನ್ನೇ ಕೇಳುವುದು ಈ ಬಿಲ್ಲೆಯ ದೊಡ್ಡ ಗುಣ. ಅದಕ್ಕೆ ಮೊದಲು ಕಾಲರ್ ಮೈಕ್ ಕಟ್ಟಿ ನೋಡಿದ್ದೆ, ಬರೀ ಗಾಳಿ.

ನಾನು ನಂಬುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಮೂವತ್ತು ವರ್ಷದ ಅನುಭವ. ಇದನ್ನೆಲ್ಲ ನೋಡಿ, "ಸಾರ್, ಉದ್ದ ಸ್ಕ್ರೂ ಡ್ರೈವರ್ ಕಿವಿಗಿಟ್ಟುಕೊಂಡರೆ ಸಾಕು, ಈ ವೈರು ಗೀರು ಯಾಕೆ?" ಎಂದು ನಕ್ಕರು. ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಸ್ಕ್ರೂ ಡ್ರೈವರ್ ಇಡುವುದು ಎಲ್ಲಿ ಎಂದು ಕೇಳಿದೆ. ಅವರು ಕಾಫಿ ತರಿಸಿದರು.

ಮೊದಮೊದಲು ಕೆಲಸ ಮಾಡಲಿಲ್ಲ ಎಂಬುದೂ ನಿಜ. ಸದ್ದು ದಾಖಲಿಸಲು ಬಿಲ್ಲೆಯನ್ನು ನೇರ ಮೊಬೈಲಿಗೆ ಕೊಟ್ಟರೆ ಸದ್ದಿನ ದಪ್ಪ, ತಗ್ಗು ಸ್ವರದ ಭಾಗವೆಲ್ಲ ಕಳೆದು ಚರಚರ ಮಾತ್ರ ಉಳಿಯಿತು. ನಡುವೆ ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್ ಒಂದರ ಸಣ್ಣ ಬಫರ್ (ಬಿಲ್ಲೆಯ ಸೊರಗಿದ ಸಂಕೇತವನ್ನು ಮೊಬೈಲಿಗೆ ದಾಟಿಸುವ ಸರ್ಕಿಟ್), 9 ವೋಲ್ಟ್ ಬ್ಯಾಟರಿ ಹಾಕಿದ ಮೇಲೆ ಸರಿಹೋಯಿತು. ಮೊಬೈಲನ್ನು ಕಾರಿನ ಚಾರ್ಜರಿಗೆ ಸಿಕ್ಕಿಸಿದರೆ ಆಲ್ಟರ್ನೇಟರಿನ ಕೀರಲು ಒಳಗೆ ಬರುತ್ತದೆ, ಆದ್ದರಿಂದ ಚಾರ್ಜರ್ ತೆಗೆದಿಡಿ. ಹಾಟ್ ಗ್ಲೂ ಬ್ರೇಕಿನ ಶಾಖಕ್ಕೆ ಕರಗಿ ಬಿಲ್ಲೆ ಹೆದ್ದಾರಿಯ ಪಾಲಾಯಿತು, ಎಪಾಕ್ಸಿಯೇ ಸೈ. ಒಂದು ತಂತಿಯನ್ನು ಟೈರು ಸುತ್ತಿ ನುಂಗಿತು. ಗೇರ್‌ಬಾಕ್ಸ್ ಅಲ್ಯೂಮಿನಿಯಮ್ಮಿನದು, ಅಯಸ್ಕಾಂತ ಕಚ್ಚುವುದಿಲ್ಲ. ಅಲ್ಲಿಗೆ ಬೋಲ್ಟಿನ ತಲೆಗೆ ಹೋಸ್ ಕ್ಲಿಪ್ ಬಿಗಿದೆ. ಕೊನೆಯದಾಗಿ, ನಾಲ್ಕು ಬಿಲ್ಲೆಗಳ ಸೂಕ್ಷ್ಮತೆ ಒಂದೇ ಇರುವುದಿಲ್ಲ. ಅವನ್ನು ಸಮಕ್ಕೆ ತರಲು ನನ್ನದೊಂದು ಉಪಾಯವಿದೆ, ಮನೆಯಲ್ಲೇ ಇರುವ ವಸ್ತುವಿನಿಂದ ಐದು ನಿಮಿಷದ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ, ತಲೆ ಓಡಿಸಿದರೆ ಹೊಳೆಯುತ್ತದೆ.

ಹಾಸನ ಮತ್ತು ಚನ್ನರಾಯಪಟ್ಟಣದ ನಡುವಿನ ನಾಲ್ಕು ಪಥದ ರಸ್ತೆಯಲ್ಲಿ ಬೆಳಿಗ್ಗೆ ಬೇಗ ಹೊರಟೆವು. ಓಡಿಸುವುದು ತಮ್ಮ, ಹೆಡ್‌ಫೋನ್ ನನಗೆ. ಓಡಿಸುವವರೇ ಹೆಡ್‌ಫೋನ್ ಹಾಕಬಾರದು. ಮುಂದಿನ ಎರಡು ಬಿಲ್ಲೆ ಚಕ್ರದ ಬೇರಿಂಗನ್ನು ಹಿಡಿದಿರುವ ನಕಲ್ ಎಂಬ ಲೋಹದ ಭಾಗದ ಮೇಲೆ, ಹಿಂದಿನ ಎರಡು ಆಕ್ಸಲ್ ಬೀಮಿನ, ಅಂದರೆ ಎರಡೂ ಚಕ್ರಗಳ ನಡುವಿನ ಅಡ್ಡ ತೊಲೆಯ, ತುದಿಯಲ್ಲಿ. ವೇಗ ಅರವತ್ತರಲ್ಲೇ ನಿಲ್ಲಿಸಿ ಸ್ವಿಚ್ ತಿರುಗಿಸುತ್ತಾ ಹೋದೆ. ಮುಂದಿನ ಎರಡರಲ್ಲೂ ಟೈರಿನ ಸಾಮಾನ್ಯ ಗೊರಗೊರ, ಹಿಂದೆ ಎಡದಲ್ಲೂ ಅದೇ. ಹಿಂದೆ ಬಲಕ್ಕೆ ತಿರುಗಿಸಿದ್ದೇ ತಡ, ಕಲ್ಲಿನ ಮೇಲೆ ಸರಪಳಿ ಎಳೆದಂತಹ ಸದ್ದಿಗೆ ಹೆಡ್‌ಫೋನ್ ಕಿತ್ತುಹಾಕಿದೆ. ರೆಕಾರ್ಡಿಂಗ್ ನೋಡಿದರೆ ಉಳಿದವಕ್ಕಿಂತ ಹನ್ನೆರಡು ಹದಿನೈದು ಡೆಸಿಬೆಲ್ ಮೇಲಿತ್ತು. ತಮ್ಮ, "ಬಿಲ್ಲೆಯೇ ಹಾಳಾಗಿರಬಹುದಲ್ಲ ಅಣ್ಣ?" ಎಂದ. ನ್ಯಾಯವಾದ ಪ್ರಶ್ನೆ. ಹಿಂದಿನ ಎರಡು ಬಿಲ್ಲೆಗಳನ್ನು ಅದಲು ಬದಲು ಮಾಡಿ ಮತ್ತೆ ಓಡಿಸಿದೆವು. ಸದ್ದು ಬಿಲ್ಲೆಯ ಜೊತೆ ಹೋಗಲಿಲ್ಲ, ಬಲದಲ್ಲೇ ಉಳಿಯಿತು.

ಮೆಕ್ಯಾನಿಕ್ ಆಗಲೂ ನಂಬಲಿಲ್ಲ. "ಬಿಚ್ಚಿ, ಸರಿಯಿದ್ದರೂ ಕೂಲಿ ಕೊಡುತ್ತೇನೆ" ಎಂದೆ. ಡ್ರಮ್ ತೆಗೆದು ಬೇರಿಂಗನ್ನು ಪ್ರೆಸ್ಸಿನಲ್ಲಿ ಹೊರಹಾಕಿದಾಗ ಒಳಗಿನ ಸೀಲಿನ ತುಟಿ ಒಂದು ಕಡೆ ಸೀಳಿತ್ತು. ಗ್ರೀಸು ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ಮರಳು ಮರಳಾಗಿ ಹತ್ತಿತು. ಒರೆಸಿ ನೋಡಿದರೆ ಹೊರಗಿನ ರೇಸಿನಲ್ಲಿ, ಅಂದರೆ ಗುಂಡುಗಳು ಉರುಳುವ ಹೊರ ಉಂಗುರದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳಕ್ಕೆ ಹೊಪ್ಪಳೆ ಎದ್ದಿತ್ತು. ಹಿಂದಿನ ಮಳೆಗಾಲದಲ್ಲಿ ಸಕಲೇಶಪುರದ ಕಡೆ ನೀರಿಗಿಳಿಸಿದ್ದರ ಫಲವಿರಬೇಕು. ಹೊಸ ಬೇರಿಂಗ್, ಹೊಸ ಹಬ್ ನಟ್ಟು, ಪ್ರೆಸ್ ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಹಳೆಯ ನಟ್ಟನ್ನೇ ಮತ್ತೆ ಬಿಗಿಯಲು ಹೊರಟಿದ್ದರು, ನಾನು ಬಿಡಲಿಲ್ಲ. ಈಗ ಎಂಬತ್ತರಲ್ಲೂ ರೇಡಿಯೋ ಮೆಲ್ಲಗಿಟ್ಟು ಕೇಳಬಹುದು.

ಆಮೇಲೆ ಹುಚ್ಚು ಹೆಚ್ಚಾಯಿತು. ಎರಡು ಬಿಲ್ಲೆಗಳ ಸದ್ದನ್ನು ಒಟ್ಟಿಗೆ ದಾಖಲಿಸಿ, ಯಾವುದಕ್ಕೆ ಮೊದಲು ತಲುಪಿತು ಎಂಬುದರಿಂದ ಜಾಗ ಹುಡುಕಲು ಹೊರಟೆ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಐದು ಸಾವಿರ ಮೀಟರಿನಷ್ಟು ಓಡುತ್ತದೆ. ಒಂದು ಮೀಟರ್ ಅಂತರವೆಂದರೆ, ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುವ ರೆಕಾರ್ಡಿಂಗಿನಲ್ಲಿ ಸುಮಾರು ಒಂಬತ್ತು ಅಳತೆ, ಅಂದರೆ ಸ್ಯಾಂಪಲ್. ಲೆಕ್ಕ ಚೆನ್ನಾಗಿದೆ, ಕಾರು ಒಪ್ಪುವುದಿಲ್ಲ. ನಡುವೆ ರಬ್ಬರ್ ಬುಷ್ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ತೋಟದ ಮೊನೊಬ್ಲಾಕ್ ಪಂಪಿಗೆ ಬಿಲ್ಲೆ ಅಂಟಿಸಿದಾಗ ಮಾತ್ರ ಫ್ಯಾನಿನ ಕಡೆಯ ಬೇರಿಂಗ್ ತಕ್ಷಣ ಸಿಕ್ಕಿಬಿತ್ತು.

ಸ್ನೇಹಿತರ ಕಾರು ಹಂಪ್ ಹತ್ತಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಸ್ಟೀರಿಂಗ್ ರ್‍ಯಾಕ್ ಹೋಗಿದೆ, ಹದಿಮೂರು ಸಾವಿರ ಎಂದಿದ್ದರು. ರ್‍ಯಾಕ್, ಸ್ಟ್ರಟ್ ತಲೆ, ಲೋವರ್ ಆರ್ಮ್, ಸ್ಟೆಬಿಲೈಸರ್ ಬಾರ್ ಎಂದು ನಾಲ್ಕು ಕಡೆ ಬಿಲ್ಲೆ ಇಟ್ಟು ಹಂಪ್ ಹಾರಿಸಿದೆವು. ಸ್ಟೆಬಿಲೈಸರಿನ ಲಿಂಕ್ ರಾಡ್, ಐನೂರೈವತ್ತು ರೂಪಾಯಿ. ಮೆಕ್ಯಾನಿಕ್ ಈಗ ಕಿಟ್ ಎರವಲು ಕೇಳುತ್ತಾರೆ. ಕಿಟ್ ಕೊಡುವುದಿಲ್ಲ, ಕಾರು ಕಳುಹಿಸಿದರೆ ನೋಡಿಕೊಡುತ್ತೇನೆ. ಡ್ಯಾಶ್‌ಬೋರ್ಡ್ ಒಳಗಿನ ಕಟಕಟ ಮಾತ್ರ ಇದಕ್ಕೆ ಬಗ್ಗಿಲ್ಲ. ಪ್ಲಾಸ್ಟಿಕ್ ನಡುಕವನ್ನು ನುಂಗಿಬಿಡುತ್ತದೆ, ಅದಕ್ಕೆ ಬೇರೆ ಬಿಲ್ಲೆ ತರಿಸಿದ್ದೇನೆ.