ನಿಮ್ಮ ಮುಂಗೈಯಲ್ಲಿ ಪಾಲ್ಮಾರಿಸ್ ಇದೆಯೇ? ನೋಡಿಕೊಳ್ಳುವ ಬಗೆ

ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ. ಗಡಿಯಾರ, ಬಳೆ ತೆಗೆದಿಟ್ಟು ಅಂಗೈ ಮೇಲಾಗಿ ಕೈಯನ್ನು ಮೇಜಿನ ಮೇಲೆ ಚಾಚಿ. ಈಗ ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಒತ್ತಿ ಹಿಡಿದು, ಮಣಿಕಟ್ಟನ್ನು ತುಸು ನಿಮ್ಮ ಕಡೆಗೆ ಬಾಗಿಸಿ. ಮಣಿಕಟ್ಟಿನ ನಡುವೆ ಚರ್ಮದಡಿಯಿಂದ ಬಿಗಿದ ತಂತಿಯ ಹಾಗೆ ಎದ್ದು ನಿಲ್ಲುವುದೇ ಪಾಲ್ಮಾರಿಸ್ ಲಾಂಗಸ್ ಎಂಬ ಮುಂಗೈ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿ. ಇದಕ್ಕೆ ಶೆಫರ್ ಪರೀಕ್ಷೆ ಎನ್ನುತ್ತಾರೆ. ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಸ್ಕಾಲ್ಪೆಲ್ ಕೊಡುವ ಮೊದಲೇ ನಾನು ಇದನ್ನು ಮಾಡಿಸುತ್ತೇನೆ.

ಎದ್ದು ಕಂಡದ್ದೆಲ್ಲ ಪಾಲ್ಮಾರಿಸ್ ಅಲ್ಲ. ಹೆಬ್ಬೆರಳಿನ ಬದಿಯಲ್ಲಿ ನಾಡಿ ಹಿಡಿಯಿರಿ. ಅಲ್ಲಿಂದ ಬೆರಳನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಸರಿಸಿದರೆ ಮೊದಲು ಸಿಗುವ ದಪ್ಪ ಟೆಂಡನ್ ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್, ಮಣಿಕಟ್ಟನ್ನು ಬಾಗಿಸುವ ಇನ್ನೊಂದು ಸ್ನಾಯುವಿನದು. ಅದರಾಚೆ, ಇನ್ನೂ ತೆಳ್ಳಗೆ, ಚರ್ಮಕ್ಕೆ ಹತ್ತಿರವಾಗಿ ಸಿಗುವುದು ಪಾಲ್ಮಾರಿಸ್. ಕೈ ದಪ್ಪಗಿದ್ದು ಏನೂ ಕಾಣದಿದ್ದರೆ ಮಣಿಕಟ್ಟನ್ನು ತುಸು ಬಾಗಿಸಿಕೊಂಡು, ಹೆಬ್ಬೆರಳನ್ನು ಅಂಗೈಯಿಂದ ನೇರ ಮೇಲಕ್ಕೆ ಎತ್ತಿ. ಇನ್ನೊಬ್ಬರು ಅದನ್ನು ಕೆಳಕ್ಕೆ ಒತ್ತಲಿ, ನೀವು ಬಿಡಬೇಡಿ. ಎರಡೂ ಬಗೆಯಲ್ಲಿ ಏಳದಿದ್ದರೆ ಅದು ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಇಲ್ಲದಿದ್ದರೆ ಹೆದರಬೇಡಿ. ಪಠ್ಯಪುಸ್ತಕಗಳು ಸುಮಾರು 15% ಜನರಲ್ಲಿ ಇರುವುದಿಲ್ಲ ಎನ್ನುತ್ತವೆ. ಚೀನಾ, ಜಪಾನ್ ಕಡೆಯವರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಕೆಲವರಿಗೆ ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಹಿಡಿತದ ಬಲಕ್ಕೆ ಹೇಳಿಕೊಳ್ಳುವಂಥ ಕೊರತೆಯೇನೂ ಆಗುವುದಿಲ್ಲ.

ತೆಗೆದರೂ ನಷ್ಟವಿಲ್ಲವೆಂದೇ ಶಸ್ತ್ರವೈದ್ಯರಿಗೆ ಇದರ ಮೇಲೆ ಕಣ್ಣು. 1974ರಲ್ಲಿ ಅಮೆರಿಕದ ಡಾ. ಫ್ರಾಂಕ್ ಜೋಬ್ ಬೇಸ್‌ಬಾಲ್ ಆಟಗಾರ ಟಾಮಿ ಜಾನ್ ಅವರ ಬಲ ಮುಂಗೈಯಿಂದ ಟೆಂಡನ್ ತೆಗೆದು, ಎಡ ಮೊಣಕೈಯ ಹರಿದ ಲಿಗಮೆಂಟಿನ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಜಾಗಕ್ಕೆ ಕಟ್ಟಿದರು. ನಮ್ಮಲ್ಲಿ ಪ್ಲಾಸ್ಟಿಕ್ ಸರ್ಜನ್ ಡಾ. ಎನ್. ಎಚ್. ಆಂಟಿಯಾ ಕುಷ್ಠರೋಗದಿಂದ ಮಡಚಿಕೊಂಡ ಬೆರಳುಗಳನ್ನು ಸರಿಪಡಿಸಲು ಇದೇ ಪಾಲ್ಮಾರಿಸ್ ಬಳಸಿದರು. ನನ್ನ ಮಟ್ಟಿಗೆ ಈ ಪುಟ್ಟ ಸ್ನಾಯುವಿನ ದೊಡ್ಡ ಉಪಕಾರ ಅದೇ.

ಅಪಾಯವೂ ಇಲ್ಲೇ ಇದೆ. ಪಾಲ್ಮಾರಿಸ್ ಕೆಳಗೇ ಮೀಡಿಯನ್ ನರ, ಅಂದರೆ ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳಿಗೆ ಹೋಗುವ ಮುಖ್ಯ ನರ, ಹಾದುಹೋಗುತ್ತದೆ. ಟೆಂಡನ್ ಇಲ್ಲದ ಕೈಯಲ್ಲಿ ಆ ಜಾಗದಲ್ಲಿ ಮೊದಲು ಸಿಗುವುದು ಆ ನರವೇ. ಅದನ್ನೇ ಟೆಂಡನ್ ಎಂದು ತಿಳಿದು ಕತ್ತರಿಸಿದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಆದ್ದರಿಂದ ರೋಗಿ ಎಚ್ಚರವಾಗಿರುವಾಗಲೇ, ಅರಿವಳಿಕೆ ಕೊಡುವ ಮೊದಲು, ಪರೀಕ್ಷೆ ಮಾಡಿಸಿ ಪೆನ್ನಿನಿಂದ ಗುರುತು ಹಾಕಿ. ಈ ಮಾತನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಇದ್ದ ಪಾಲ್ಮಾರಿಸ್ ಕೂಡ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಸಾಮಾನ್ಯವಾಗಿ ಮಾಂಸದ ಭಾಗ ಮೇಲೆ, ಟೆಂಡನ್ ಕೆಳಗೆ. ಕೆಲವರಲ್ಲಿ ತಿರುಗುಮುರುಗಾಗಿ ಮಾಂಸ ಮಣಿಕಟ್ಟಿನ ಹತ್ತಿರವಿರುತ್ತದೆ. ಕೈಕೆಲಸ ಹೆಚ್ಚಾದಾಗ ಊದಿಕೊಂಡು ಮೀಡಿಯನ್ ನರವನ್ನು ಒತ್ತಬಹುದು. ಕೆಲವರಲ್ಲಿ ಅದು ಎರಡಾಗಿ ಸೀಳಿರುತ್ತದೆ.

ಪಾಲ್ಮಾರಿಸ್ ಬಿಟ್ಟು, ಬೆರಳು ಮಡಚುವ ಟೆಂಡನ್‌ಗಳಿಗೂ ಇನ್ನೆರಡು ಪರೀಕ್ಷೆ ಮಾಡಿ ನೋಡಿ. ತೋರುಬೆರಳು, ನಡುಬೆರಳು, ಉಂಗುರದ ಬೆರಳುಗಳನ್ನು ಇನ್ನೊಂದು ಕೈಯಿಂದ ನೆಟ್ಟಗೆ ಹಿಡಿದು ಕಿರುಬೆರಳನ್ನು ಮಾತ್ರ ನಡುಗೆಣ್ಣಿನಲ್ಲಿ ಮಡಚಿ. ಬರಲಿಲ್ಲವೇ? ಉಂಗುರದ ಬೆರಳನ್ನು ಬಿಟ್ಟು ಮತ್ತೆ ಮಡಚಿ. ಆಗ ಬಂದರೆ ಎರಡೂ ಬೆರಳುಗಳನ್ನು ನಡುಗೆಣ್ಣಿನಲ್ಲಿ ಮಡಚುವ ಸೂಪರ್ಫಿಷಿಯಾಲಿಸ್ ಟೆಂಡನ್‌ಗಳು ಒಂದಕ್ಕೊಂದು ಹೊಂದಿಕೊಂಡಿವೆ. ಆಗಲೂ ಬರದಿದ್ದರೆ ಕಿರುಬೆರಳಿಗೆ ಆ ಟೆಂಡನ್ ಇಲ್ಲದೆಯೂ ಇರಬಹುದು. ಈಳಿಗೆಯಿಂದ ಅಂಗೈ ಕೊಯ್ದುಕೊಂಡು ಬಂದವರನ್ನು ನೋಡುವಾಗ ಇದು ನೆನಪಿರಲಿ: ಬೆರಳು ಮಡಚದಿರಲು ಗಾಯವೇ ಕಾರಣ ಎಂದುಕೊಳ್ಳುವ ಮೊದಲು ಇನ್ನೊಂದು ಕೈಯನ್ನೂ ಪರೀಕ್ಷಿಸಿ.

ಕೊನೆಯದು, ಹೆಬ್ಬೆರಳಿನ ತುದಿಗೆಣ್ಣನ್ನು ಮಾತ್ರ ಅಂಗೈ ಕಡೆಗೆ ಮಡಚಿ. ತೋರುಬೆರಳಿನ ತುದಿಯೂ ತಾನಾಗಿ ಬಾಗಿತೆಂದರೆ ಎರಡರ ಟೆಂಡನ್‌ಗಳ ನಡುವೆ ಕೊಂಡಿಯಿದೆ. 1979ರಲ್ಲಿ ವಿವರಿಸಿದವರ ಹೆಸರಿನಲ್ಲಿ ಇದನ್ನು ಲಿನ್‌ಬರ್ಗ್–ಕಾಮ್‌ಸ್ಟಾಕ್ ಎನ್ನುತ್ತಾರೆ. ಬಹಳ ಮಂದಿಗೆ ಇದರಿಂದ ತೊಂದರೆಯಿಲ್ಲ. ಆದರೆ ವಾದ್ಯ ನುಡಿಸುವವರಿಗೆ ಮಣಿಕಟ್ಟಿಗಿಂತ ತುಸು ಮೇಲೆ, ಮುಂಗೈಯಲ್ಲಿ ನೋವು ಬರುತ್ತಿದ್ದರೆ ಕೈ ತಜ್ಞರಿಗೆ ತೋರಿಸಬೇಕು. ತೋರುಬೆರಳನ್ನು ಬಲವಂತವಾಗಿ ನೆಟ್ಟಗೆ ಎಳೆಯಬಾರದು.

ಕಂಡದ್ದನ್ನು ಬರೆದಿಡುವಾಗ ಬಲಗೈ, ಎಡಗೈ ಬೇರೆ ಬೇರೆಯಾಗಿ ಬರೆಯಿರಿ. ದಾನವಾಗಿ ಬಂದ ದೇಹದಲ್ಲಿ ಬದಲಾವಣೆ ಕಂಡರೆ ಅದನ್ನು ಕತ್ತರಿಸದೆ, ಮೇಲೆ ಎಲ್ಲಿ ಅಂಟಿದೆ, ಕೆಳಗೆ ಎಲ್ಲಿ ಸೇರಿದೆ, ಯಾವ ನರ ಬಂದಿದೆ ಎಂದು ಬಿಡಿಸಿ ನೋಡಿ, ನಿಮ್ಮ ಮೇಷ್ಟರನ್ನು ಕರೆಯಿರಿ.