ರಥಬೀದಿಯ ಫೋಟೊ ಮತ್ತು ಆಟದ ಹೆಸರು

ಕಳೆದ ವಿಟ್ಲಪಿಂಡಿಗೆ, ಅಂದರೆ ಕೃಷ್ಣಾಷ್ಟಮಿಯ ಮರುದಿನದ ಉತ್ಸವಕ್ಕೆ, ಅಕ್ಕನ ಮಗ ಹುಲಿವೇಷ ಹಾಕಿದ್ದ. ಉಡುಪಿ ರಥಬೀದಿಯಲ್ಲಿ ಕುಣಿದ ಫೋಟೊವನ್ನು ಸ್ಥಳದ ಹೆಸರು ಸಮೇತ ಇನ್‌ಸ್ಟಾಗ್ರಾಂಗೆ ಹಾಕಿದ. ವಾರದೊಳಗೆ, ಮೊಬೈಲ್ ಆಟದಲ್ಲಿ ಜೊತೆಯಾದ ಅಪರಿಚಿತನೊಬ್ಬ ವಾಯ್ಸ್ ಚಾಟ್‌ನಲ್ಲಿ ಆ ವೇಷವನ್ನು ಹೊಗಳಿ, ಇವನ ಶಾಲೆಯ ಹೆಸರನ್ನೂ ಹೇಳಿದ. "ಮಾವ, ಅಮ್ಮನಿಗೆ ಹೇಳಬೇಡಿ" ಎನ್ನುತ್ತಾ ಹುಡುಗ ನನ್ನಲ್ಲಿಗೆ ಬಂದ. ನಾನು ಗದರಿಸಲಿಲ್ಲ. ಗದರಿಸಿದರೆ ಮಕ್ಕಳು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಯಾರೂ ಏನನ್ನೂ ಕದ್ದಿರಲಿಲ್ಲ. ಆಟದಲ್ಲೂ ಇನ್‌ಸ್ಟಾಗ್ರಾಂನಲ್ಲೂ ಇವನದು ಒಂದೇ ಹೆಸರು, ಕೊನೆಯಲ್ಲಿ ಹುಟ್ಟಿದ ಇಸವಿ. ಹಳೆಯ ಫೋಟೊವೊಂದರಲ್ಲಿ ಸಮವಸ್ತ್ರದ ಬ್ಯಾಡ್ಜ್ ಕಾಣುತ್ತಿತ್ತು. ಹುಡುಕುವವನಿಗೆ ಅಷ್ಟು ಸಾಕು.

ಆದ್ದರಿಂದ ಮೊದಲು ಹೆಸರನ್ನು ಬದಲಿಸಿ. ಆಟದ ಹೆಸರಿಗೆ ನಿಮ್ಮ ಊರು, ಶಾಲೆ, ಇಸವಿ ಯಾವುದರ ನಂಟೂ ಬೇಡ. ಕೆಲವು ಆಟಗಳಲ್ಲಿ ಇದಕ್ಕೆ ರೀನೇಮ್ ಕಾರ್ಡ್, ಅಂದರೆ ಹೆಸರು ಬದಲಿಸಲು ಆಟದೊಳಗೇ ಸಿಗುವ ಕಾರ್ಡ್, ಬೇಕಾಗುತ್ತದೆ. ಸಿಕ್ಕ ಕೂಡಲೇ ಬಳಸಿ. ಫೇಸ್‌ಬುಕ್ ಮೂಲಕ ಆಟಕ್ಕೆ ಲಾಗಿನ್ ಆಗಿದ್ದರೆ, ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್' ತೆರೆದು ಯಾವ ಆಟಕ್ಕೆ ಏನೇನು ಕೊಟ್ಟಿದ್ದೀರಿ ಎಂದು ನೋಡಿ. ಆದರೆ ಬೇರೆ ಲಾಗಿನ್ ಜೋಡಿಸಿಕೊಳ್ಳದೆ ನಂಟು ಕಡಿಯಬೇಡಿ, ಆಡಿ ಗಳಿಸಿದ್ದೆಲ್ಲ ಕೈತಪ್ಪಬಹುದು.

ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದರೆ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಮೊದಲೇ ಸೇರಿಕೊಂಡ ಫಾಲೋವರ್‌ಗಳು ಆಗಲೂ ಒಳಗೇ ಇರುತ್ತಾರೆ. ಪಟ್ಟಿ ತೆರೆದು ಒಬ್ಬೊಬ್ಬರನ್ನೇ ನೋಡಿ ತೆಗೆಯಬೇಕು. ನಾವು ಮಾವ ಅಳಿಯ ಜಗಲಿಯಲ್ಲಿ ಕುಳಿತು ಒಂದು ಸಂಜೆಯಿಡೀ ಅದನ್ನೇ ಮಾಡಿದೆವು. ಅರ್ಧಕ್ಕರ್ಧ ಮಂದಿ ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಹಳೆಯ ಪೋಸ್ಟ್‌ಗಳನ್ನು ಎಡಿಟ್ ಮಾಡಿ ಸ್ಥಳದ ಹೆಸರನ್ನೂ ಅಳಿಸಿದೆವು.

ಫೋನಿನಲ್ಲಿ ಆಟಕ್ಕೆ ಕೊಟ್ಟ ಲೊಕೇಶನ್, ಕಾಂಟ್ಯಾಕ್ಟ್ಸ್ ಅನುಮತಿಗಳನ್ನು ತೆಗೆಯಿರಿ. ಮೈಕ್ ಗೆಳೆಯರ ತಂಡಕ್ಕೆ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಪ್ರೊಫೈಲ್ ಫೋಟೊ ಮತ್ತು ಗುಂಪಿಗೆ ಸೇರಿಸುವ ಅವಕಾಶ 'ಮೈ ಕಾಂಟ್ಯಾಕ್ಟ್ಸ್'ಗೆ ಸೀಮಿತವಾಗಿರಲಿ; ಬೇರೆಯವರು ನಿಮ್ಮ ನಂಬರಿನಲ್ಲಿ ಖಾತೆ ತೆರೆಯದಂತೆ ಟೂ-ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿಯ ಪಿನ್ ಹಾಕಿಕೊಳ್ಳಿ.

ಯಾರಾದರೂ ಬೆದರಿಸಿದರೆ ಬ್ಲಾಕ್ ಮಾಡುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಕೊಡಲು ಅದು ಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಅಕ್ಕನಿಗೆ ಆ ರಾತ್ರಿ ಊಟದ ಹೊತ್ತಿಗೆ ಅವನೇ ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲಿ ಕುಳಿತಿದ್ದೆ.