‘ಸಂಸ್ಕಾರ’ ಓದುವಾಗ ಒಂದೇ ಪ್ರಶ್ನೆ ಹಿಡಿದುಕೊಳ್ಳಿ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಸಣ್ಣ ಪುಸ್ತಕ. ಮನಸ್ಸು ಮಾಡಿದರೆ ಒಂದು ಭಾನುವಾರ ಸಾಕು. ಆದರೆ ದಾವಣಗೆರೆಯ ಡಿಗ್ರಿ ಹುಡುಗರ ನೋಟ್ಸ್ ತೆಗೆದು ನೋಡಿದರೆ ಬಹಳ ಸಲ ಒಂದೇ ಥರ ಇರುತ್ತದೆ: ಹಾಳೆ ನಡುವೆ ಒಂದು ಗೆರೆ, ಎಡಕ್ಕೆ ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯ, ಅವರ ಕೆಳಗೆ ‘ಸಂಪ್ರದಾಯ’, ಬಲಕ್ಕೆ ಅದೇ ಅಗ್ರಹಾರದಲ್ಲಿ ಆಚಾರ ಮುರಿದು ಬಾಳಿದ ನಾರಣಪ್ಪ, ಅವನ ಕೆಳಗೆ ‘ಬಂಡಾಯ’. ಮೊದಲು ಆ ಗೆರೆ ಅಳಿಸಿ. ಇಡೀ ಕಾದಂಬರಿ ಆ ಗೆರೆ ಅಳಿಸುವ ಕೆಲಸವನ್ನೇ ಮಾಡುತ್ತದೆ, ನೀವು ಮತ್ತೆ ಯಾಕೆ ಎಳೆಯುತ್ತೀರಿ?

ಅದರ ಬದಲು ಒಂದು ಪ್ರಶ್ನೆ ಬರೆದುಕೊಳ್ಳಿ: ಸತ್ತ ನಾರಣಪ್ಪನ ಹೆಣವನ್ನು ಅಗ್ರಹಾರದವರು ಯಾಕೆ ಸುಡುತ್ತಿಲ್ಲ? ಹೊಸ ಪಾತ್ರ ಬಂದಾಗಲೆಲ್ಲ ಇದನ್ನೇ ಕೇಳಿ.

ನಮ್ಮ ಬಯಲುಸೀಮೆಯ ಓದುಗರು ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಲಿಂಗಾಯತರ ಮನೆಗಳಲ್ಲಿ ಹೂಳುವುದು ರೂಢಿ, ಹಾಗಾಗಿ ಸುಡುವುದಕ್ಕೆ ಇಷ್ಟು ರಾದ್ಧಾಂತ ಯಾಕೆ ಅಂತ ಅನಿಸಬಹುದು. ಕಥೆ ನಡೆಯುವ ದುರ್ವಾಸಪುರ ಮಾಧ್ವ ಬ್ರಾಹ್ಮಣರ ಅಗ್ರಹಾರ. ಹೆಣ ಎತ್ತುವ ತನಕ ಅಲ್ಲಿ ಪೂಜೆ ಇಲ್ಲ, ಊಟ ಇಲ್ಲ. ಅಂದರೆ ಧರ್ಮದ ಚರ್ಚೆ ನಡೆಯುವಷ್ಟು ಹೊತ್ತೂ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿದೆ. ಇದು ಮರೆತರೆ ಅರ್ಧ ಕಾದಂಬರಿ ಕೈತಪ್ಪಿದ ಹಾಗೆ.

ಈಗ ಉತ್ತರ ಹುಡುಕಿ. ನಾರಣಪ್ಪನ ಜೊತೆ ನಂಟಸ್ತಿಕೆ ಇರುವ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಮೊದಲು ಬೇಡವೇ ಬೇಡ ಅಂತಾರೆ. ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ತನ್ನ ಬಂಗಾರ ಬಿಚ್ಚಿ ಮುಂದಿಟ್ಟ ಮೇಲೆ ಅವರ ಶಾಸ್ತ್ರ ಮೆತ್ತಗಾಗುತ್ತದೆ. ಇವರ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ, ಲೇಖಕರೇ ಇವರನ್ನು ಸ್ವಲ್ಪ ಅಗ್ಗವಾಗಿ ಬಿಡಿಸಿದ್ದಾರೆ ಅಂತ ನನ್ನ ತಕರಾರು.

ಪ್ರಾಣೇಶಾಚಾರ್ಯರ ಹತ್ತಿರ ನಿಧಾನ ಮಾಡಿ. ಅವರಿಗೆ ಆಸೆ ಇಲ್ಲ, ಮೋಸ ಇಲ್ಲ. ಆದರೂ ಸುಡುವುದಿಲ್ಲ, ಯಾಕೆಂದರೆ ಗ್ರಂಥದಲ್ಲಿ ಅಪ್ಪಣೆ ಸಿಗಬೇಕು. ಗ್ರಂಥದಲ್ಲಿ ಸಿಗದೆ ಮಾರುತಿಯ ಗುಡಿಗೆ ಹೋಗುತ್ತಾರೆ. ಬಲಗಡೆಯ ಹೂ ಬಿದ್ದರೆ ಸರಿ, ಎಡಗಡೆಯದು ಬಿದ್ದರೆ ಬೇಡ. ಯಾವ ಹೂವೂ ಬೀಳುವುದಿಲ್ಲ. ಈ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ‘ದೇವರ ಮೌನದ ಸಂಕೇತ’ ಅಂತ ಬರೆದು ಮುಂದೆ ಹೋಗಬೇಡಿ, ಹೂ ಬೀಳದಿದ್ದಾಗ ಆಚಾರ್ಯರ ಕೈಯಲ್ಲಿ ಏನು ಉಳಿಯಿತು ನೋಡಿ. ತಾನೇ ತೀರ್ಮಾನ ಮಾಡುವುದು ಹೇಗೆ ಅನ್ನುವುದು ಅಷ್ಟು ಓದಿದ ಮನುಷ್ಯನಿಗೆ ಗೊತ್ತಿಲ್ಲ! ವಾಪಸ್ ಬರುವ ಕಾಡಿನ ಕತ್ತಲಲ್ಲಿ ಚಂದ್ರಿ ಎದುರಾಗುತ್ತಾಳೆ, ಅಲ್ಲಿ ಇಬ್ಬರೂ ಕೂಡುತ್ತಾರೆ, ಅದು ಯಾವ ಗ್ರಂಥದ ಅಪ್ಪಣೆಗೂ ಕಾಯುವುದಿಲ್ಲ. ಹಸಿದ ಆಚಾರ್ಯರಿಗೆ ಅವಳು ಬಾಳೆಹಣ್ಣು ಕೊಡುತ್ತಾಳೆ. ಸಂಕೇತ ಹುಡುಕುವವರು ಹದ್ದು, ಇಲಿಗಳ ಹಿಂದೆ ಓಡುತ್ತಾರೆ, ನನಗೆ ಕೇಳಿದರೆ ಆ ಬಾಳೆಹಣ್ಣೇ ದೊಡ್ಡದು.

ಇನ್ನೂ ಒಂದು ಗಂಟು ಇಲ್ಲಿದೆ. ಕಾಯಿಲೆಯ ಹೆಂಡತಿ ಭಾಗೀರಥಿಯ ಸೇವೆ ಆಚಾರ್ಯರಿಗೆ ಮೋಕ್ಷದ ದಾರಿ. ಅದು ಕರುಣೆಯಾ, ಅಥವಾ ತನ್ನ ಪುಣ್ಯಕ್ಕೆ ಅವಳನ್ನು ಮೆಟ್ಟಿಲು ಮಾಡಿಕೊಂಡದ್ದಾ? ಕ್ಲಾಸಿನಲ್ಲಿ ಕೇಳಿ, ಜಗಳ ಶುರುವಾಗುತ್ತದೆ. ಆಗಲಿ ಬಿಡಿ.

ನಾರಣಪ್ಪನ ವಿಷಯದಲ್ಲಿ ಹುಷಾರು. ಕಥೆ ಶುರುವಾಗುವ ಹೊತ್ತಿಗೇ ಅವನು ಸತ್ತಿದ್ದಾನೆ. ಸಾಲಿಗ್ರಾಮ ಹೊಳೆಗೆ ಎಸೆದದ್ದು, ದೇವಸ್ಥಾನದ ಹೊಂಡದಲ್ಲಿ ಮೀನು ಹಿಡಿದದ್ದು, ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆ ಅಂತ ಹೆದರಿಸಿದ್ದು, ಎಲ್ಲವೂ ಬೇರೆಯವರ ನೆನಪಿನಿಂದ ಬರುತ್ತದೆ. ಆದ್ದರಿಂದ ಅವನ ಬಗ್ಗೆ ಏನೇ ಬರೆದರೂ ಪಕ್ಕದಲ್ಲಿ ‘ಇದು ಯಾರ ಬಾಯಲ್ಲಿ ಬಂದ ಮಾತು’ ಅಂತ ಸೇರಿಸಿ. ಸುಖವೇ ಸತ್ಯ ಅನ್ನುವ ಅವನ ವಾದ ನಿಜಕ್ಕೂ ವಾದವಾ, ಆಚಾರ್ಯರನ್ನು ಕೆಣಕುವ ಹಟವಾ? ಅಗ್ರಹಾರವೇ ಇಲ್ಲದಿದ್ದರೆ ಈ ಬಂಡಾಯಗಾರನಿಗೆ ಏನು ಕೆಲಸ ಇರುತ್ತಿತ್ತು ಅಂತ ಒಮ್ಮೆ ಯೋಚಿಸಿ.

ಚಂದ್ರಿಗೆ ಸಿದ್ಧಾಂತ ಇಲ್ಲ. ಅವಳು ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯ ನೆರವು ತೆಗೆದುಕೊಂಡು ರಾತ್ರೋರಾತ್ರಿ ಹೆಣ ಸುಡಿಸಿ ಬಿಡುತ್ತಾಳೆ. ಬ್ರಾಹ್ಮಣರಿಗೆ ಇದು ಗೊತ್ತೇ ಇಲ್ಲ, ಸುಟ್ಟುಹೋದ ಹೆಣದ ಬಗ್ಗೆ ಕೇಳಲು ಮಠದ ತನಕ ಹೋಗುತ್ತಾರೆ. ಪರೀಕ್ಷೆಗೆ ಓದುವವರು ಈ ಒಂದು ವ್ಯಂಗ್ಯ ಸರಿಯಾಗಿ ಬಿಡಿಸಿ ಬರೆದರೂ ಸಾಕು, ಹತ್ತು ಅಂಕದ ಉತ್ತರ ನಿಲ್ಲುತ್ತದೆ.

ಕೊನೆಯ ಭಾಗದಲ್ಲಿ ಹುಡುಗರು ಬೇಸರಪಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ, ದಾರಿಯಲ್ಲಿ ಪುಟ್ಟ ಅನ್ನುವವನು ಅಂಟಿಕೊಂಡು ಬರುತ್ತಾನೆ, ಮಾತು ನಿಲ್ಲಿಸುವುದಿಲ್ಲ. ನಾಯಕನಹಟ್ಟಿ ತೇರಿನ ಗದ್ದಲದಲ್ಲಿ ಒಮ್ಮೆ ಸಿಕ್ಕಿಬಿದ್ದವರಿಗೆ ಮೇಳಿಗೆಯ ಜಾತ್ರೆ ಥಟ್ಟನೆ ಅರ್ಥವಾಗುತ್ತದೆ: ಅಲ್ಲಿ ನೀವು ಯಾರು ಅಂತ ಯಾರಿಗೂ ಬೇಕಿಲ್ಲ. ಆದರೆ ಆಚಾರ್ಯರಿಗೆ ಹೆಂಡತಿ ಸತ್ತ ಸೂತಕ. ಅದನ್ನು ಮುಚ್ಚಿಟ್ಟು ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಒಬ್ಬ ಗುರುತು ಹಿಡಿಯುತ್ತಾನೆ, ಇವರು ಎದ್ದು ಓಡುತ್ತಾರೆ. ಇಷ್ಟು ದಿನ ಬೇರೆಯವರ ಮಡಿಮೈಲಿಗೆ ತೂಗಿದವರು ಇವರೇ ಅಲ್ವಾ?

ಗಾಡಿ ಹತ್ತಿ ದುರ್ವಾಸಪುರದ ಕಡೆ ಹೊರಟವರು ಅಲ್ಲಿ ತಪ್ಪು ಒಪ್ಪಿಕೊಳ್ಳುತ್ತಾರಾ ಇಲ್ಲವಾ ಅಂತ ಪುಸ್ತಕ ಹೇಳುವುದಿಲ್ಲ. ಉತ್ತರಪತ್ರಿಕೆಯಲ್ಲಿ ನೀವೂ ಸುಮ್ನೆ ಹೇಳಲು ಹೋಗಬೇಡಿ. ಒಪ್ಪಿಕೊಂಡರೆ ಯಾರಿಗೆ ಲಾಭ, ಬಚ್ಚಿಟ್ಟರೆ ಯಾರಿಗೆ ನಷ್ಟ ಅಂತ ಎರಡೂ ಕಡೆ ವಾದಿಸಿ.

1970ರ ಸಿನಿಮಾ ನೋಡುವುದಾದರೆ ಪುಸ್ತಕ ಮುಗಿದ ಮೇಲೆ ನೋಡಿ. ಗಿರೀಶ್ ಕಾರ್ನಾಡರ ಆಚಾರ್ಯ ಚೆನ್ನಾಗಿದೆ, ಆದರೆ ಮೊದಲೇ ನೋಡಿಬಿಟ್ಟರೆ ನಾರಣಪ್ಪನಿಗೆ ಲಂಕೇಶರ ಮುಖ ಅಂಟಿಕೊಳ್ಳುತ್ತದೆ, ಆಮೇಲೆ ಅವನು ಬರೀ ಬೇರೆಯವರ ನೆನಪಿನಲ್ಲಿ ಇರುವ ಮನುಷ್ಯ ಅನ್ನುವುದು ಮರೆತೇ ಹೋಗುತ್ತದೆ.